ಪಾವಿನ ಅಳತೆ, ತಕ್ಕಡಿಯ ತೂಕ

ಪುಷ್ಯಮಾಸದ ಶುದ್ಧ ಷಷ್ಠಿಯಂದು ಘಾಟಿ ಸುಬ್ರಹ್ಮಣ್ಯದಲ್ಲಿ ಜರುಗುವ ಬ್ರಹ್ಮರಥೋತ್ಸವಕ್ಕೂ, ಅದರ ಆಸುಪಾಸಿನ ದಿನಗಳಲ್ಲಿ ಅಲ್ಲಿ ನೆರೆಯುವ ದನಗಳ ಜಾತ್ರೆಗೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಗಳಿಂದ ಬರುವ ಜನರು, ದೇವರ ದರ್ಶನವನ್ನೂ ಎತ್ತುಗಳ ವ್ಯಾಪಾರವನ್ನೂ ಮುಗಿಸಿಕೊಂಡು ಊರಿನ ದಾರಿ ಹಿಡಿಯುವುದಕ್ಕೆ ಮುಂಚೆ ಕಡಲೆಪುರಿಯ ಅಂಗಡಿಯ ಮುಂದೆ ನಿಲ್ಲದೆ ಹೋಗುವುದು ಅಪರೂಪ. ಜಾತ್ರೆಯ ಅಂತಹ ಅಂಗಡಿಗಳಲ್ಲಿ ಗಮನಕ್ಕೆ ಅರ್ಹವಾದ ಒಂದು ಪದ್ಧತಿಯುಂಟು. ಪುರಿಯನ್ನು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುವ ಅದೇ ಕೈ, ಬೆಂಡು ಬತ್ತಾಸನ್ನೂ ಕಲ್ಯಾಣಸೇವೆಯನ್ನೂ ಕೊಡಬೇಕಾದಾಗ ತಕ್ಕಡಿಯ ಕಡೆಗೆ ತಿರುಗುತ್ತದೆ. ಒಂದೇ ಅಂಗಡಿ, ಒಬ್ಬನೇ ವ್ಯಾಪಾರಿ, ಒಂದೇ ಗಿರಾಕಿ. ಆದರೂ ಒಂದು ಪದಾರ್ಥಕ್ಕೆ ಗಾತ್ರದ ಅಳತೆ, ಇನ್ನೊಂದಕ್ಕೆ ತೂಕದ ಅಳತೆ. ಕೊಳ್ಳುವವರೂ ಮಾರುವವರೂ ಇದನ್ನು ವಿಚಿತ್ರವೆಂದು ಎಣಿಸುವುದಿಲ್ಲ. ವಾಸ್ತವವಾಗಿ ಇದು ವಿಚಿತ್ರವಲ್ಲ, ದೀರ್ಘಕಾಲದ ಅನುಭವದಿಂದ ಹುಟ್ಟಿದ ವಿವೇಕ. ನಮ್ಮ ಅಡುಗೆಮನೆಗಳಲ್ಲಿ ಇಂದು ಪಾವಿಗೂ ಗ್ರಾಮಿಗೂ ನಡುವೆ ಕಾಣುವ ಗೊಂದಲವನ್ನು ಬಿಡಿಸಲು ಈ ವಿವೇಕವೇ ನಮಗೆ ಒದಗಬೇಕಾಗಿದೆ.

ಪುರಿಯ ವಿಷಯವನ್ನೇ ಮೊದಲು ವಿಚಾರಿಸೋಣ. ಕಾದ ಮರಳಿನಲ್ಲಿ ಅಕ್ಕಿಯು ಅರಳಿ ಪುರಿಯಾದಾಗ ಅದರ ಗಾತ್ರವು ಎಂಟು ಹತ್ತು ಪಟ್ಟು ಹಿಗ್ಗುತ್ತದೆ. ತೂಕವಾದರೋ ಹೆಚ್ಚುವುದಂತಿರಲಿ, ಒಳಗಿನ ತೇವವು ಆವಿಯಾಗಿ ಹೋದಷ್ಟು ಕಡಿಮೆಯೇ ಆಗುತ್ತದೆ. ಮನೆಮಂದಿಗೆ ಹಂಚುವ ಪುರಿ ತಕ್ಕಡಿಯಲ್ಲಿ ಅಲ್ಪವಾಗಿಯೇ ತೂಗುವುದು. ಆ ಅಲ್ಪ ತೂಕದಲ್ಲಿ ತುಸು ವ್ಯತ್ಯಾಸವಾದರೂ ಕೈಗೆ ಬರುವ ಪುರಿಯಲ್ಲಿ ದೊಡ್ಡ ವ್ಯತ್ಯಾಸವಾದೀತು. ಅದಲ್ಲದೆ ಪುರಿಯು ಬೆಳಗಿನ ಮಂಜಿನಲ್ಲಿ ತೇವವನ್ನು ಹೀರಿಕೊಂಡರೆ ತೂಕ ಏರುವುದೇ ಹೊರತು ತಿನ್ನುವವನಿಗೆ ಲಾಭವೇನೂ ಇಲ್ಲ. ಸೇರಿನ ಅಳತೆಗೆ ಈ ದೋಷವಿಲ್ಲ. ಬತ್ತಾಸು, ಮಿಠಾಯಿಗಳ ಸ್ವಭಾವವೇ ಬೇರೆ: ಅವುಗಳ ತುಂಡುಗಳು ಒಂದರಂತೆ ಒಂದಿರವು, ಪಾತ್ರೆಯಲ್ಲಿ ಅವುಗಳ ನಡುವೆ ಎಷ್ಟು ಬರಿದು ಜಾಗ ಉಳಿಯುವುದೋ ಹೇಳುವಂತಿಲ್ಲ, ಆದುದರಿಂದ ಅಲ್ಲಿ ತಕ್ಕಡಿಯೇ ನ್ಯಾಯ. ಯಾವ ಪದಾರ್ಥಕ್ಕೆ ಯಾವ ಮಾನವೆಂಬುದನ್ನು ಪದಾರ್ಥದ ಸ್ವಭಾವವೇ ನಿರ್ಣಯಿಸುತ್ತದೆ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು ಎಂಬ ಪಾತ್ರೆಗಳ ಪರಿವಾರವೇ ಇರುತ್ತಿತ್ತು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಕಣದಲ್ಲಿ ರಾಗಿಯ ರಾಶಿಯನ್ನು ಅಳೆಯುವಾಗ ಇದಕ್ಕೂ ಮೇಲಿನ ಕೊಳಗ, ಖಂಡುಗಗಳು ಬರುತ್ತಿದ್ದವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ರೂಢಿ, ಕೊಳಗಕ್ಕೆ ಎಷ್ಟು ಸೇರೆಂಬುದು ಮಾತ್ರ ಊರಿಂದೂರಿಗೆ ಬದಲಾಗುತ್ತಿತ್ತು. ಈ ಮಾನಗಳ ವ್ಯಾಪ್ತಿ ಎಷ್ಟೆಂದರೆ, ನಮ್ಮ ಶಾಸನಗಳಲ್ಲಿ ದಾನಕೊಟ್ಟ ಭೂಮಿಯನ್ನು ಸಹ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು ಎಂದು, ಅದಕ್ಕೆ ಬೇಕಾಗುವ ಬಿತ್ತನೆಯ ಬೀಜದ ಗಾತ್ರದಿಂದಲೇ ಹೇಳಿರುವುದುಂಟು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥವನ್ನು ಬರೆದು ಅದಕ್ಕೆ ವ್ಯವಹಾರಗಣಿತವೆಂದೇ ಹೆಸರಿಟ್ಟದ್ದನ್ನು ಇಲ್ಲಿ ನೆನೆಯಬಹುದು. ಲೆಕ್ಕವು ಪಂಡಿತರ ವಿನೋದಕ್ಕೆ ಮಾತ್ರವಲ್ಲ, ಸಂತೆಗೂ ಕಣಕ್ಕೂ ಬೇಕೆಂಬ ಭಾವನೆ ಆ ಹೆಸರಿನಲ್ಲಿದೆ.

ಇದರ ಜೊತೆಗೆ ತೂಕದ ಇನ್ನೊಂದು ವ್ಯವಸ್ಥೆಯೂ ನಡೆಯುತ್ತಿತ್ತು. ಬೆಲ್ಲ, ತುಪ್ಪ, ಹುಣಿಸೆಹಣ್ಣು, ಮೆಣಸಿನಕಾಯಿಗಳು ತಕ್ಕಡಿಗೆ ಸೇರಿದ ಸರಕುಗಳು. ಅವಕ್ಕೆ ತೊಲೆ, ಸೇರು, ಮಣಗಳ ಲೆಕ್ಕ. ಇಲ್ಲಿಯೇ ಗೊಂದಲದ ಮೂಲವೊಂದು ಅಡಗಿದೆ. ಅಳೆಯುವ ಪಾತ್ರೆಗೂ ಸೇರೆಂದೇ ಹೆಸರು, ತೂಗುವ ಬಟ್ಟಿಗೂ ಸೇರೆಂದೇ ಹೆಸರು. ತೂಕದಲ್ಲಿಯೂ ಮೈಸೂರಿನ ಕಚ್ಚಾ ಸೇರು 24 ತೊಲೆಯದು, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಸರ್ಕಾರವು ಇಂಡಿಯಾ ದೇಶಕ್ಕೆಲ್ಲ ಪ್ರಮಾಣವೆಂದು ಹಿಡಿದ ಸೇರಾದರೋ 80 ತೊಲೆಯದು, ಅಂದರೆ 933 ಗ್ರಾಂ. ಹೀಗೆ ಅಜ್ಜಿಯ ಕಾಲದ ಪಾಕವಿಧಾನದಲ್ಲಿ ಒಂದು ಸೇರು ಅಕ್ಕಿಗೆ ಒಂದು ಸೇರು ಬೆಲ್ಲವೆಂದು ಬರೆದಿದ್ದರೆ, ಮೊದಲನೆಯದು ಪಾತ್ರೆಯ ಸೇರಾಗಿದ್ದು ಎರಡನೆಯದು ಅದರ ಮೂರನೆಯ ಒಂದು ಭಾಗದಷ್ಟೇ ತೂಗುವ ಕಚ್ಚಾ ಸೇರಾಗಿರಬಹುದು. ಇದನ್ನರಿಯದೆ ಎರಡನ್ನೂ ಸಮನಾಗಿ ಹಾಕಿದ ಗೃಹಿಣಿಯು ಸಿಹಿ ಅತಿಯಾಯಿತೆಂದು ತನ್ನ ಕೈಯನ್ನೇ ಹಳಿದುಕೊಳ್ಳುವಳು. ದೋಷವು ಅವಳ ಕೈಯದಲ್ಲ, ಮಾನದ್ದು.

ಗಾತ್ರವನ್ನೂ ತೂಕವನ್ನೂ ಒಂದಕ್ಕೊಂದು ಬೆಸೆಯಬೇಕೆಂಬ ಯೋಚನೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತುಲಾಮಾನಗಳಿಗೆಂದೇ ಒಂದು ಅಧ್ಯಾಯವಿದೆ. ಅಲ್ಲಿ ದ್ರೋಣವೆಂಬ ಅಳತೆಯನ್ನು ನಿರ್ಣಯಿಸಿರುವ ರೀತಿಯು ಇಂದಿಗೂ ಮೆಚ್ಚತಕ್ಕದ್ದಾಗಿದೆ: ಇನ್ನೂರು ಪಲ ತೂಗುವ ಉದ್ದಿನಕಾಳು ಎಷ್ಟು ಜಾಗವನ್ನು ತುಂಬುವುದೋ ಅಷ್ಟು ಒಂದು ದ್ರೋಣ. ಬರಿದೆ ಇನ್ನೂರು ಪಲವೆಂದು ಹೇಳಿ ಬಿಟ್ಟಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಯಾವ ಧಾನ್ಯದ ಇನ್ನೂರು ಪಲವೆಂದು ಹೆಸರಿಸಿದ್ದರಿಂದಲೇ ಪಾತ್ರೆಗೂ ತಕ್ಕಡಿಗೂ ಸಂಬಂಧವು ಸ್ಥಿರವಾಯಿತು. ಅದೇ ಅಧ್ಯಾಯದಲ್ಲಿ ಪಾತ್ರೆಯ ಬಾಯಿಯ ಮೇಲೆ ಏಳುವ ಧಾನ್ಯದ ಗೋಪುರವನ್ನು, ಅಂದರೆ ಶಿಖೆಯನ್ನು ಕುರಿತೂ ನಿಯಮವುಂಟು: ಒಣಗಿದ ಗಟ್ಟಿಮರದಿಂದ ಮಾಡಿದ ಮಾನದಲ್ಲಿ ಶಿಖೆಯು ನಾಲ್ಕನೆಯ ಒಂದು ಭಾಗವಿರಬೇಕು, ಇಲ್ಲವೆ ಶಿಖೆಯ ಪ್ರಮಾಣವೂ ಪಾತ್ರೆಯ ಒಳಗೇ ಅಡಕವಾಗಿರಬೇಕು. ದ್ರವಪದಾರ್ಥಗಳಿಗೆ ಶಿಖೆ ನಿಲ್ಲದಾದ್ದರಿಂದ ಎರಡನೆಯ ಬಗೆಯೇ ವಿಧಿ. ನಾಲ್ಕನೆಯ ಒಂದು ಭಾಗವೆಂಬುದು ಸಣ್ಣ ಮೊತ್ತವಲ್ಲ. ಗೋಪುರವೇರಿಸಿ ಅಳೆದ ಪಾವಿಗೂ ತಲೆಯನ್ನು ಮಟ್ಟಸವಾಗಿ ಒರಸಿ ಅಳೆದ ಪಾವಿಗೂ ಎಷ್ಟು ಅಂತರವೆಂಬುದನ್ನು ರಾಜ್ಯದ ಉಗ್ರಾಣಗಳನ್ನು ನೋಡಿಕೊಳ್ಳುತ್ತಿದ್ದವರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಸ್ವಾತಂತ್ರ್ಯಾನಂತರ 1956ರಲ್ಲಿ ತೂಕ ಅಳತೆಗಳ ಪ್ರಮಾಣೀಕರಣದ ಶಾಸನವು ಬಂದು, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ಜಾರಿಗೆ ಬಂದವು. ಅಂಗಡಿಯಿಂದ ಮಣ, ಸೇರುಗಳು ನಿರ್ಗಮಿಸಿ ಕಿಲೋಗ್ರಾಂ ಪ್ರತಿಷ್ಠಿತವಾಯಿತು. ಇದು ಎಲ್ಲ ವಿಧದಿಂದಲೂ ಒಳ್ಳೆಯದೇ ಆಯಿತೆಂದು ನನ್ನ ದೃಢವಾದ ಅಭಿಪ್ರಾಯ. ಊರೂರಿಗೆ ಬೇರೆಯಾದ ಕೊಳಗದಿಂದ ರೈತನಿಗೆ ಆಗುತ್ತಿದ್ದ ನಷ್ಟವನ್ನು ಬಲ್ಲವರು ಯಾರೂ ಹಳೆಯದಕ್ಕಾಗಿ ಹಂಬಲಿಸಲಾರರು. ಆದರೆ ಅಂಗಡಿಯು ಬದಲಾದಷ್ಟು ಶೀಘ್ರವಾಗಿ ಒಲೆಯ ಬಳಿಯ ರೂಢಿಯು ಬದಲಾಗಲಿಲ್ಲ. ಇಂದಿಗೂ ನ್ಯಾಯಬೆಲೆ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಬಂದ ಅಕ್ಕಿಯೂ ರಾಗಿಯೂ ಮನೆಯ ಡಬ್ಬಕ್ಕೆ ಸೇರಿದ ಕ್ಷಣದಿಂದ ಪಾವು, ಲೋಟಗಳ ಆಳ್ವಿಕೆಗೆ ಒಳಗಾಗುತ್ತವೆ.

ಇನ್ನು ಪ್ರಕೃತಿಯ ನಿಯಮವನ್ನು ಸ್ವಲ್ಪ ನೋಡಬೇಕು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆಂಬುದು ಶಾಲೆಯಲ್ಲಿ ಎಲ್ಲರೂ ಕಲಿತದ್ದು. ಹಾಲು ನೀರಿಗಿಂತ ತುಸು ಭಾರ. ಎಣ್ಣೆ, ತುಪ್ಪಗಳು ಹಗುರ. ಜೇನುತುಪ್ಪವು ಬಹಳ ಭಾರ. ಎಣ್ಣೆಯ ಪರಿವರ್ತನೆಯನ್ನು ಯಾರೂ ಲೆಕ್ಕಹಾಕಬೇಕಾದ ಪ್ರಮೇಯವೇ ಇಲ್ಲ; ಒಂದು ಲೀಟರಿನ ಪೊಟ್ಟಣದ ಮೇಲೆ 910 ಗ್ರಾಂ ಎಂದು ಸಾಮಾನ್ಯವಾಗಿ ಮುದ್ರಿಸಿಯೇ ಇರುತ್ತದೆ, ನಾವು ಓದುವುದಿಲ್ಲ ಅಷ್ಟೆ.

ಕಾಳುಗಳ ವಿಷಯವು ಇದಕ್ಕಿಂತ ಸ್ವಾರಸ್ಯವಾದದ್ದು. ಸಾಸಿವೆಯಂತಹ ಸಣ್ಣ ಕಾಳು ಪಾವಿನಲ್ಲಿ ಒತ್ತಾಗಿ ಕೂರುವುದರಿಂದ ಹೆಚ್ಚು ತೂಗಬೇಕು, ಬಟಾಣಿಯಂತಹ ದೊಡ್ಡ ಕಾಳಿನ ನಡುವೆ ಸಂದು ಹೆಚ್ಚಾದುದರಿಂದ ಕಡಿಮೆ ತೂಗಬೇಕು ಎಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಒಂದೇ ಗಾತ್ರದ ಗುಂಡುಗಳನ್ನು ಪಾತ್ರೆಯಲ್ಲಿ ಸುರಿದು ಅಲುಗಿಸಿದರೆ, ಗುಂಡುಗಳು ಸಣ್ಣವಾಗಿರಲಿ ದೊಡ್ಡವಾಗಿರಲಿ, ಪಾತ್ರೆಯ ನೂರರಲ್ಲಿ ಸುಮಾರು 64 ಭಾಗವನ್ನು ಮಾತ್ರ ಅವು ತುಂಬುವುವು, ಮಿಕ್ಕದ್ದೆಲ್ಲ ಗಾಳಿ. ಸಣ್ಣ ಕಾಳಿನ ಸಂದುಗಳು ಸಣ್ಣವು, ಆದರೆ ಅಸಂಖ್ಯಾತ, ದೊಡ್ಡ ಕಾಳಿನ ಸಂದುಗಳು ದೊಡ್ಡವು, ಆದರೆ ಕೆಲವೇ, ಮೊತ್ತ ಒಂದೇ. ಧಾನ್ಯಗಳು ನಿಜವಾದ ಗುಂಡುಗಳಲ್ಲವಾದರೂ ಈ ನಿಯಮಕ್ಕೆ ಬಹುಮಟ್ಟಿಗೆ ಅಧೀನವಾಗಿವೆ. ಆದುದರಿಂದಲೇ ಅಕ್ಕಿ, ರಾಗಿ, ತೊಗರಿಬೇಳೆಗಳು ರೂಪದಲ್ಲಿ ಅಷ್ಟು ಭಿನ್ನವಾಗಿದ್ದರೂ ಒಂದು ಲೀಟರಿನ ಪಾತ್ರೆಯಲ್ಲಿ ಎಲ್ಲವೂ 800 ಗ್ರಾಮಿನ ಆಚೀಚೆಗೇ ನಿಲ್ಲುತ್ತವೆ.

ಎರಡು ಬಗೆಯ ಗಾತ್ರಗಳನ್ನು ಬೆರೆಸಿದಾಗ ಮಾತ್ರ ನಿಯಮವು ಮುರಿಯುತ್ತದೆ. ಒಂದು ಸೇರು ಕಡಲೆಕಾಯಿ ಬೀಜಕ್ಕೆ ಒಂದು ಸೇರು ಎಳ್ಳನ್ನು ಬೆರೆಸಿದರೆ ಎರಡು ಸೇರು ಆಗುವುದಿಲ್ಲ. ಎಳ್ಳು ಬೀಜದ ಸಂದುಗಳಲ್ಲಿ ಇಳಿದು ಅಡಗುತ್ತದೆ. ತೂಕವಾದರೋ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ನಾಗಪೂಜೆಗೆಂದು ಎಳ್ಳು ಬೆಲ್ಲಗಳನ್ನು ಕುಟ್ಟಿ ಚಿಗಳಿ ಮಾಡುವ ಮನೆಗಳಲ್ಲಿ, ಪಾವು ಎಳ್ಳಿಗೆ ಪಾವು ಬೆಲ್ಲವನ್ನು ಸೇರಿಸಿದರೂ ಉಂಡೆಯ ಮುದ್ದೆ ಎರಡು ಪಾವಿಗೆ ಸಾಕಷ್ಟು ಕಡಿಮೆಯಾಗಿ ಬರುವುದನ್ನು ಎಲ್ಲರೂ ಕಂಡಿದ್ದಾರೆ. ತೂಕಗಳನ್ನು ಕೂಡಿಸಬಹುದು, ಗಾತ್ರಗಳನ್ನು ಕೂಡಿಸಿ ಲೆಕ್ಕ ಹೇಳಬಾರದು. ನೂರಾರು ಜನರಿಗೆ ಅಡುಗೆ ಮಾಡುವವರು ಸಾಮಾನಿನ ಪಟ್ಟಿಯನ್ನು ಕಿಲೋಗಳಲ್ಲಿಯೇ ಬರೆಸಲು ಇದೂ ಒಂದು ಕಾರಣ.

ಕಾಳು ಹಿಟ್ಟಾದಾಗ ಪರಿಸ್ಥಿತಿ ಪೂರ್ತಿ ಬೇರೆಯಾಗುತ್ತದೆ. ಒಂದು ಸೇರು ರಾಗಿಯನ್ನು ಗಿರಣಿಗೆ ಕಳುಹಿಸಿದರೆ ಹಿಂದಿರುಗುವ ಹಿಟ್ಟು ಸೇರನ್ನು ಮೀರಿ ನಿಲ್ಲುವುದನ್ನು ನೋಡದ ಮನೆ ನಮ್ಮ ಸೀಮೆಯಲ್ಲಿಲ್ಲ. ಗಿರಣಿಯಿಂದ ಆಗತಾನೆ ಬಂದ ಹಿಟ್ಟು ಅರಳಿಕೊಂಡಿರುತ್ತದೆ. ಡಬ್ಬದಲ್ಲಿ ಕೆಲವು ದಿನ ಕುಳಿತದ್ದು ಇಳಿದಿರುತ್ತದೆ. ಜರಡಿ ಹಿಡಿದೊಡನೆ ಮತ್ತೆ ಅರಳುತ್ತದೆ. ಪಾವನ್ನು ನೆಲಕ್ಕೆ ಕುಟ್ಟಿ ತುಂಬಿದರೆ ಮತ್ತಷ್ಟು ಹಿಡಿಸುತ್ತದೆ. ಒಬ್ಬರ ಪಾವು ಹಿಟ್ಟು ಇನ್ನೊಬ್ಬರ ಪಾವು ಹಿಟ್ಟಿಗಿಂತ ಐದರಲ್ಲಿ ಒಂದು ಪಾಲು ಹೆಚ್ಚು ತೂಗುವುದು ಏನೂ ಆಶ್ಚರ್ಯವಲ್ಲ. ಅಳತೆಯ ದೋಷವೆಲ್ಲ ಹೆಚ್ಚಾಗಿ ಹಿಟ್ಟಿನಲ್ಲಿಯೇ ನೆಲೆಸಿದೆಯೆಂದು ಹೇಳಿದರೆ ತಪ್ಪಾಗಲಾರದು. ಬೇರೆ ಯಾವುದನ್ನು ತೂಗದಿದ್ದರೂ ಹಿಟ್ಟನ್ನು ತೂಗುವುದು ಕ್ಷೇಮ.

ಉಪ್ಪು ಮತ್ತೊಂದು ಎಚ್ಚರಿಕೆಯ ಪದಾರ್ಥ. ಪುಡಿಯುಪ್ಪು ಒಂದು ಚಹಾ ಚಮಚಕ್ಕೆ ಸುಮಾರು 6 ಗ್ರಾಂ ಬರುವುದು. ಕಲ್ಲುಪ್ಪು ಅದೇ ಚಮಚದಲ್ಲಿ ಅದಕ್ಕಿಂತ ಕಡಿಮೆ ತೂಗುತ್ತದೆ. ಕಲ್ಲುಪ್ಪಿನ ಕಾಲದ ಪಾಕಪುಸ್ತಕವನ್ನು ಪುಡಿಯುಪ್ಪಿನಿಂದ ಅನುಸರಿಸಿದರೆ ಸಾರು ಉಪ್ಪಾಗುವುದು ಇದರಿಂದಲೇ. ದಿನಕ್ಕೆ ಒಬ್ಬ ವಯಸ್ಕನಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದನ್ನು ಚಮಚದ ಭಾಷೆಗೆ ಇಳಿಸಿದರೆ, ಮಟ್ಟಸವಾದ ಒಂದು ಚಹಾ ಚಮಚಕ್ಕೂ ಕಡಿಮೆಯೆಂದಾಯಿತು. ಮಕ್ಕಳಿಗೆ ಭೇದಿಯಾದಾಗ ಮನೆಯಲ್ಲಿಯೇ ತಯಾರಿಸುವ ದ್ರಾವಣದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ವಿಧಿಸುವಾಗಲೂ ಮಟ್ಟಸವಾದ ಚಮಚವೆಂಬ ಮಾತನ್ನು ವೈದ್ಯರು ಒತ್ತಿ ಹೇಳುವರು. ಗೋಪುರವೇರಿಸಿದ ಉಪ್ಪು ಅಲ್ಲಿ ಉಪಕಾರದ ಬದಲು ಅಪಾಯವನ್ನೇ ತಂದೀತು.

ಇಷ್ಟನ್ನು ತಿಳಿದ ಮೇಲೆ ಅಂಕಿಗಳನ್ನು ಕೊಡುವುದು ಯುಕ್ತ. 250 ಮಿಲಿಲೀಟರ್ ಹಿಡಿಸುವ ಒಂದು ಪಾವನ್ನು ಗಣನೆಗೆ ತೆಗೆದುಕೊಳ್ಳೋಣ. ತಲೆಯೊರಸಿ ಅಳೆದರೆ ಅದರಲ್ಲಿ ಅಕ್ಕಿ 200ರಿಂದ 210 ಗ್ರಾಂ, ತೊಗರಿಬೇಳೆ ಸುಮಾರು 200, ಸಕ್ಕರೆ ಸುಮಾರು 210, ಸಾಧಾರಣ ರವೆ 170ರ ಸುಮಾರು, ರಾಗಿಹಿಟ್ಟು 140ರ ಆಚೀಚೆ, ಗೋಧಿಹಿಟ್ಟು 130, ಕಡಲೆಹಿಟ್ಟು 105, ಎಣ್ಣೆ ತುಪ್ಪಗಳು 230ರ ಹತ್ತಿರ, ಪುಡಿಯುಪ್ಪು 300, ಜೇನುತುಪ್ಪ 350, ಪುರಿ 20 ಗ್ರಾಮಿನ ಸುಮಾರು. ಒಂದು ಕಿಲೋ ಅಕ್ಕಿಗೆ ಇಂತಹ ಪಾವು ಐದಕ್ಕೆ ತುಸು ಕಡಿಮೆಯಾಯಿತು. ಒಂದು ಪಾವಿಗೆ ಇಷ್ಟು ಗ್ರಾಂ ಎಂದು ಎಲ್ಲಕ್ಕೂ ಸಲ್ಲುವ ಒಂದೇ ಅಂಕಿಯನ್ನು ಕೇಳುವವರು ಈ ಸಾಲನ್ನು ಒಮ್ಮೆ ಓದಿದರೆ, ಪುರಿಯ 20ಕ್ಕೂ ಜೇನಿನ 350ಕ್ಕೂ ನಡುವಣ ಅಂತರವೇ ಅವರಿಗೆ ಉತ್ತರ ಹೇಳುವುದು.

ಹಾಗೆಂದ ಮಾತ್ರಕ್ಕೆ ಪಾವು ಹೀನ, ತಕ್ಕಡಿ ಶ್ರೇಷ್ಠವೆಂದು ತೀರ್ಮಾನಿಸುವುದು ಅನ್ಯಾಯ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರೆಂದಾಗ ಪಾವು ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎರಡನ್ನೂ ಒಂದೇ ಪಾತ್ರೆಯಲ್ಲಿ ಅಳೆದರಾಯಿತು, ಅನ್ನವು ಸರಿಯಾಗಿಯೇ ಬೇಯುವುದು. ಅನುಪಾತವನ್ನು ಕಾಪಾಡುವುದರಲ್ಲಿ ಪಾವಿಗೆ ಸರಿಸಮಾನವಾದ ಸುಲಭ ಸಾಧನವಿಲ್ಲ. ನಮ್ಮ ಹಿರಿಯ ಹೆಂಗಸರು ಅಕ್ಷರವಿಲ್ಲದೆಯೂ ನೂರು ಪಾಕಗಳನ್ನು ತಪ್ಪಿಲ್ಲದೆ ನಡೆಸಿದ್ದು ಈ ಅನುಪಾತದ ಬಲದಿಂದ. ತೊಡಕು ಹುಟ್ಟುವುದು, ಗಾತ್ರದ ಅನುಪಾತವನ್ನು ತೂಕದ ಅನುಪಾತವೆಂದು ಭ್ರಮಿಸಿದಾಗ. ಮೈಸೂರು ಪಾಕಿಗೆ ಒಂದು ಪಾವು ಕಡಲೆಹಿಟ್ಟು, ಎರಡು ಪಾವು ಸಕ್ಕರೆ ಎಂದು ಮನೆಯ ಪದ್ಧತಿಯಿದ್ದರೆ, ಮೇಲಿನ ಅಂಕಿಗಳಂತೆ ಹಿಟ್ಟು 105 ಗ್ರಾಂ, ಸಕ್ಕರೆ 420 ಗ್ರಾಂ. ತೂಕದಲ್ಲಿ ಅದು ಒಂದಕ್ಕೆ ಎರಡಲ್ಲ, ಒಂದಕ್ಕೆ ನಾಲ್ಕು. ಹೊಸ ತಕ್ಕಡಿಯನ್ನು ಕೊಂಡ ಉತ್ಸಾಹದಲ್ಲಿ ನೂರು ಗ್ರಾಂ ಹಿಟ್ಟಿಗೆ ಇನ್ನೂರು ಗ್ರಾಂ ಸಕ್ಕರೆಯನ್ನು ತೂಗಿದವರಿಗೆ ಪಾಕವು ಕೂಡಿಬರದಿದ್ದರೆ, ಅವರು ಸಕ್ಕರೆಯನ್ನು ಬೇಕಾದುದರ ಅರ್ಧಕ್ಕೇ ಇಳಿಸಿದ್ದಾರೆಂದು ಅರ್ಥ.

ಸಮುದ್ರದಾಚೆಗೆ ನೆಲೆಸಿರುವ ಕನ್ನಡದ ಮನೆಗಳಿಗೆ ಈ ವಿಚಾರವು ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ತಲೆಯೊರಸಿದ ಕಪ್ಪು, ಚಮಚಗಳನ್ನೇ ಪ್ರಮಾಣವಾಗಿ ಹಿಡಿದ ಮೇಲೆ ಆ ದೇಶದ ಅಡುಗೆಯೆಲ್ಲ ಕಪ್ಪಿನ ಲೆಕ್ಕದಲ್ಲಿ ನಡೆಯಿತು. ಯೂರೋಪಿನ ಬಹುಭಾಗವು ತಕ್ಕಡಿಯನ್ನು ಬಿಡಲಿಲ್ಲ. ಆ ಕಪ್ಪಾದರೂ ಎಲ್ಲೆಡೆಯೂ ಒಂದೇ ಅಲ್ಲ: ಅಮೆರಿಕದ್ದು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನದು 200, ವಿದ್ಯುತ್ ಅನ್ನದ ಪಾತ್ರೆಯ ಜೊತೆಗೆ ಬರುವ ಪುಟ್ಟ ಕಪ್ಪು 180. ಊಟದ ಚಮಚವೂ ಆಸ್ಟ್ರೇಲಿಯದಲ್ಲಿ 20 ಮಿಲಿಲೀಟರ್, ಮಿಕ್ಕೆಡೆ ಸಾಮಾನ್ಯವಾಗಿ 15. ದೊಡ್ಡಬಳ್ಳಾಪುರದ ತಾಯಿಯು ದೂರವಾಣಿಯಲ್ಲಿ ಪಾವೆಂದು ಹೇಳಿದ್ದನ್ನು ಮಗಳು ಅಲ್ಲಿ ಕಪ್ಪೆಂದು ಗ್ರಹಿಸಿದರೆ, ಎಲ್ಲವನ್ನೂ ಒಂದೇ ಕಪ್ಪಿನಲ್ಲಿ ಅಳೆಯುವವರೆಗೆ ಬಾಧಕವಿಲ್ಲ. ಎಣಿಸಿ ಹಾಕುವ ಮೆಣಸಿನಕಾಯಿ, ತೂಗಿ ತಂದ ಬೆಲ್ಲ, ಪೊಟ್ಟಣದಲ್ಲಿ ಕೊಂಡ ಹಿಟ್ಟು ನಡುವೆ ಬಂದೊಡನೆ ರುಚಿಯು ದಾರಿ ತಪ್ಪುವುದು.

ಇದಕ್ಕೆ ಪರಿಹಾರವು ಕಷ್ಟವಾದದ್ದಲ್ಲ. ಇಂದು ನಮ್ಮ ಮನೆಗಳಲ್ಲಿರುವ ಪಾವುಗಳು ಯಾವ ಒಂದು ಪ್ರಮಾಣಕ್ಕೂ ಬದ್ಧವಾಗಿಲ್ಲ. ಅಜ್ಜಿಯ ಹಿತ್ತಾಳೆಯ ಪಾವಿಗೂ ಜಾತ್ರೆಯಲ್ಲಿ ಕೊಂಡ ಅಲ್ಯುಮಿನಿಯಂ ಪಾವಿಗೂ ಬಹಳ ವ್ಯತ್ಯಾಸವಿರಬಹುದು. ಬರಿದಾದ ಪಾವನ್ನು ತಕ್ಕಡಿಯ ಮೇಲಿಟ್ಟು ಅದರ ತೂಕವನ್ನು ಕಳೆದು, ಅಂಚಿನವರೆಗೆ ನೀರು ತುಂಬಿ ತೂಗಿದರೆ, ಎಷ್ಟು ಗ್ರಾಂ ಬರುವುದೋ ಅಷ್ಟೇ ಮಿಲಿಲೀಟರ್ ಆ ಪಾವಿನ ಗಾತ್ರ; ನಮ್ಮ ಹವೆಯ ಉಷ್ಣದಿಂದ ನೀರಿನ ತೂಕದಲ್ಲಿ ಆಗುವ ಭೇದವು ಅಡುಗೆಯ ಮಟ್ಟಿಗೆ ಗಣನೀಯವಲ್ಲ. ಅನಂತರ ಮನೆಯಲ್ಲಿ ನಿತ್ಯವೂ ಬಳಸುವ ಅಕ್ಕಿ, ಬೇಳೆ, ರಾಗಿಹಿಟ್ಟು, ಸಕ್ಕರೆ, ಉಪ್ಪುಗಳನ್ನು, ಮನೆಯವರು ಸ್ವಭಾವತಃ ಹೇಗೆ ಅಳೆಯುವರೋ ಹಾಗೆಯೇ ಪಾವಿಗೆ ತುಂಬಿ, ಒಂದೊಂದನ್ನೂ ತೂಗಿ ಬರೆದುಕೊಳ್ಳಬೇಕು. ಪುಸ್ತಕದ ಅಂಕಿಗಳಿಗಿಂತ ಈ ಅಂಕಿಗಳೇ ಆ ಮನೆಗೆ ಪ್ರಮಾಣ. ಏಕೆಂದರೆ ಅವುಗಳಲ್ಲಿ ಆ ಮನೆಯ ಪಾತ್ರೆಯೂ ಆ ಮನೆಯ ಕೈಯೂ ಸೇರಿವೆ.

ಹಳೆಯ ಪಾತ್ರೆಗಳನ್ನು ಗುಜರಿಗೆ ಕೊಟ್ಟು ಹೊಸವನ್ನು ಕೊಳ್ಳುವ ಕಾಲವಿದು. ಪಾವು ಹೋದರೆ ಅದರಲ್ಲಿ ಹೇಳಿದ್ದ ಪಾಕವೂ ಅರ್ಥಹೀನವಾಗಿ ಹೋಗುತ್ತದೆ. ಮುಂದಿನವರಿಗೆ ಉಳಿಯುವುದು ಎಷ್ಟೆಂದು ತಿಳಿಯದ ಒಂದು ಹೆಸರು ಮಾತ್ರ. ಆದುದರಿಂದ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ಮನೆಯಲ್ಲಿ ಹಿರಿಯರು ಬಳಸುತ್ತಿದ್ದ ಪಾವು ಇನ್ನೂ ಇದ್ದರೆ ಈ ವಾರವೇ ಅದಕ್ಕೆ ನೀರು ತುಂಬಿ ತೂಗಿ, ಬಂದ ಅಂಕಿಯನ್ನು ಮನೆಯ ಪಾಕಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿಡಿ, ಅದರ ಕೆಳಗೆ, ಆ ಪಾವಿನಲ್ಲಿ ಅವರು ಗೋಪುರವೇರಿಸಿ ಅಳೆಯುತ್ತಿದ್ದರೋ ತಲೆಯೊರಸಿ ಅಳೆಯುತ್ತಿದ್ದರೋ ಎಂಬುದನ್ನು ಬಲ್ಲವರನ್ನು ಕೇಳಿ ಅದನ್ನೂ ಬರೆಯಿರಿ.